ಬಾಳ, ಜರಾ ಸರಕ

ಏನ್ರಪಾ ಗೆಳೆಯರ, ಇವತ್ತ ಖಾನಾಪುರ-ಬೆಳಗಾವಿ ಬಸ್ಸಿನ್ಯಾಗ ಒಂದು 'ಬಾಳ' ಸಲುವಾಗಿ ಜಗಳಾಡಿ ಬಂದೀನಿ.

ಬಸ್ ಹತ್ತಿದ ಮುದುಕಿಯೊಬ್ಬಾಕಿ ನನ್ನ ಬಾಜೂಕ ನಿಂತು, ಮರಾಠಿಯೊಳಗ "ಬಾಳ, ಜರಾ ಸರಕ" ಅಂದ್ಲು. ನನಗ ಅದು 'ಬಹಳ ಸರಿ' ಅಂದಂಗ ಕೇಳಿ ಸಿಟ್ಟು ಬಂತು. "ಬಾಳ ಸರದೀನ್ರಿ ಆಯಿ, ಇನ್ನೂ ಸರದ್ರ ಕಿಡಕ್ಯಾಗಿಂದ ಹೊರಗ ಬೀಳ್ತೀನಿ!" ಅಂದೆ.

ಆಕಿ ನಕ್ಕು, ಕನ್ನಡದಾಗ, "ಬಾಳ ಸರಿ ಅನ್ನಲಿಲ್ಲಪಾ. ನಿನಗ ಬಾಳ ಅಂದೆ. ಮಗು ಅಂತ" ಅಂದ್ಲು.

ತಲಿ ಪೂರಾ ಬೆಳ್ಳಗಾದ ನನಗ! ಎದ್ದು ಜಾಗಾ ಕೊಟ್ಟೆ.

ಸಣ್ಣಾಂವಿದ್ದಾಗ ನಂದಗಡದಾಗ ಬಾಜು ಮನಿ ಮರಾಠಿ ಮಾವಶಿ ಬಿಸಿ ರೊಟ್ಟಿ ಕೊಟ್ಟು "ಬಾಳ, ಖಾ" ಅಂತಿದ್ಲು. ನಮ್ಮವ್ವ ಇತ್ಲಾಗಿಂದ "ಬಾಳ ತಿನಬ್ಯಾಡೋ" ಅಂತ ಒದರತಿದ್ಲು. ಇಬ್ಬರೂ ಹೋದ ಮ್ಯಾಲೆ ನನಗ ಹಂಗ ಅನ್ನಾವರು ಯಾರೂ ಉಳಿದಿಲ್ಲ ಅಂದ್ಕೊಂಡಿದ್ದೆ.

ಮನಿಗೆ ಬಂದು ಮೊಮ್ಮಗಳಿಗೆ ಇದನ್ನೆಲ್ಲಾ ಹೇಳಿದೆ. ಇಂಗ್ಲಿಷ್ ಸಾಲಿ ಹುಡುಗಿ, 'ಳ'ಕ್ಕ ನಾಲಗಿ ಹೊಳ್ಳಂಗಿಲ್ಲ. ಕಣ್ಣ ಅಗಲ ಮಾಡಿ, "ಅಜ್ಜಾ, ಆಕಿ ನಿನಗ ಬಾಲ ಅಂದ್ಲಾ?" ಅಂತ ಕೇಳಿದ್ಲು.

'ಳ' ಇರೂತನಕ ಕೂಸಾಗಿದ್ದೆ. ಅದು ಹೋದ ಕೂಡಲೇ ಮಂಗ್ಯಾ ಆದೆ ನೋಡ್ರಿ.