ಅಪ್ಪನ ಕೆಂಪು ರುಮಾಲು

ನಮ್ಮಪ್ಪ ಒಂದೇ ಒಂದು ಸಲ ನಾಯಕನಾಗಿದ್ದ. ಎರಡನೆಯ ಸಲ ಆಗುತ್ತೇನೆಂದು ಬಾಯಿಬಿಟ್ಟು ಕೇಳಿದಾಗ ನಾನೇ ಅಡ್ಡ ಬಂದೆ. ಈಗ ಹಲುಬಿ ಏನು ಬಂತು!

ಅರವತ್ತರ ದಶಕದ ನಡುಭಾಗ. ಹೊಸನಗರದ ಹತ್ತಿರದ ಶಾಲೆಯೊಂದರಲ್ಲಿ ನಾನು ಆಗಷ್ಟೇ ಟೀಚರಾಗಿದ್ದೆ. ಗೇಣಿ ಮಾಡುವವರ ಮನೆಯಿಂದ ಬಂದ ಮೊದಲ ಟೀಚರಮ್ಮ ಎಂಬ ಜಂಬ ಬೇರೆ. ಆ ವರ್ಷ ಪಕ್ಕದ ನಗರವೆಂಬ ಊರಿನ ಹಳೆಯ ಕೋಟೆಯಲ್ಲಿ ಇತಿಹಾಸದ ಉತ್ಸವ ಮಾಡಲು ಸಮಿತಿಯಾಯಿತು. ರಾಜರ ದರ್ಬಾರು ತೋರಿಸೋಣ ಎಂದರು ಎಲ್ಲರೂ. ಸಾಗರದವರಾದ ನಮ್ಮ ಹೆಡ್‌ಮಾಸ್ತರರು ಮಾತ್ರ, ಅರಸರ ಕಾಲದಲ್ಲಿ ಕಂದಾಯದ ಕಾಟ ತಾಳದೆ ರೈತರು ದಂಗೆ ಎದ್ದದ್ದನ್ನೇ ಆಡಿಸಬೇಕೆಂದು ಪಟ್ಟು ಹಿಡಿದು ಗೆದ್ದರು. ಮಾತು ಬರೆಯುವ ಕೆಲಸ ನನಗೆ ಬಂತು. ದಂಗೆಯ ಮುಂದಾಳು ಅಪ್ಪ. ಎತ್ತರದ ಆಳು, ಎತ್ತಿಗೆ ಕೂಗಿದರೆ ಆಚೆ ಗುಡ್ಡಕ್ಕೆ ಕೇಳುವ ಗಂಟಲು.

ಅಪ್ಪನಿಗೆ ಓದು ಬರದು. ನಾನು ಹೇಳಿಕೊಟ್ಟೆ, ಅವನು ಬಾಯಿಪಾಠ ಮಾಡಿದ. ಒಂದು ತಿಂಗಳು ಕಾಡಿನಲ್ಲಿ ಒಣಗಿದೆಲೆಯ ದರಗು ಗುಡಿಸುವಾಗಲೂ ದನ ಕಟ್ಟುವಾಗಲೂ ಅದೇ ಮಾತು: “ಬೆವರು ನಮ್ದು, ಭತ್ತ ನಮ್ದು. ಅಳೆಯೋ ಕೊಳಗ ಮಾತ್ರ ನಿಮ್ದು ಯಾಕೆ?”

“ಸಾಕು ಮಾರಾಯ್ರೆ, ದನ ಹೆದರ್ತವೆ,” ಎಂದು ಅವ್ವ ನಗುತ್ತಿದ್ದಳು.

ತೀರ್ಥಹಳ್ಳಿಯಿಂದ ವೇಷದ ಪೆಟ್ಟಿಗೆ ಬಂತು. ಅದರಲ್ಲಿದ್ದ ಕೆಂಪು ರುಮಾಲನ್ನು ಅಪ್ಪ ಮುಟ್ಟಿ ಮುಟ್ಟಿ ನೋಡಿದ. “ಇದು ನಂಗಾ?” ಎಂದು ಎರಡು ಸಲ ಕೇಳಿದ. ಅಷ್ಟು ಖುಷಿ ಆ ಮುಖದಲ್ಲಿ ನಾನು ಮತ್ತೆ ಕಾಣಲಿಲ್ಲ.

ಅರಸನ ಅಧಿಕಾರಿಯ ಪಾತ್ರ ನಮ್ಮೂರ ದರ್ಜಿಯದು. ಉತ್ಸವದ ದಿನವೇ ಅವನಿಗೆ ಜ್ವರ ಬರಬೇಕೇ! ಸಮಿತಿಯ ಅಧ್ಯಕ್ಷರಾಗಿದ್ದವರು ನಾವು ಗೇಣಿ ಮಾಡುತ್ತಿದ್ದ ಗದ್ದೆಯ ಒಡೆಯರು. ಕೆಟ್ಟವರೇನಲ್ಲ. “ಕುರ್ಚಿ ಮೇಲೆ ಕೂರೋದು ತಾನೆ, ನಾನೇ ಕೂರ್ತೀನಿ ಬಿಡಿ,” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಪೆದ್ದು ಮುಂಡೇದು.

ನಮ್ಮ ಕಡೆ ಒಡೆಯರು ಎದುರಾದರೆ ಒಕ್ಕಲಾದವನು ತಲೆಯ ವಸ್ತ್ರ ಬಿಚ್ಚಿ ಸೊಂಟಕ್ಕೆ ಸುತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಮಕ್ಕಳು ನೋಡಿ ನೋಡಿಯೇ ಕಲಿಯುತ್ತಾರೆ.

ಮಧ್ಯಾಹ್ನದ ಬಿಸಿಲಲ್ಲಿ ಡೋಲು ಬಡಿಯಿತು. ಮೂವತ್ತು ಜನ ಬಂಡುಕೋರರನ್ನು ಹಿಂದಿಟ್ಟುಕೊಂಡು ಅಪ್ಪ ಕೋಟೆ ಬಾಗಿಲಲ್ಲಿ ದಾಪುಗಾಲು ಹಾಕುತ್ತ ಬಂದ. ಅಬ್ಬಾ, ಆ ನಡಿಗೆ! ಕುರ್ಚಿಯ ಮುಂದೆ ಬಂದು ತಲೆ ಎತ್ತಿದ. ಎದುರಿಗೆ ಒಡೆಯರು.

ಅಪ್ಪನ ಎರಡೂ ಕೈ ತಲೆಗೆ ಹೋದವು. ಕೆಂಪು ರುಮಾಲು ಬಿಚ್ಚಿ ಸೊಂಟಕ್ಕೆ ಸುತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಅವನ ಹಿಂದಿದ್ದ ಮೂವತ್ತು ಜನವೂ ಒಬ್ಬೊಬ್ಬರಾಗಿ ರುಮಾಲು ಬಿಚ್ಚಿದರು.

“ಮಾತಾಡೋ ಮಾರಾಯ, ನಾಟ್ಕ ಇದು,” ಎಂದರು ಒಡೆಯರು.

“ಹೂಂ ಒಡೇರೇ,” ಎಂದ ಅಪ್ಪ.

ಜನ ಬಿದ್ದು ಬಿದ್ದು ನಕ್ಕರು.

ದಾರಿಯುದ್ದಕ್ಕೂ ನಾನು ಅಪ್ಪನಿಗೆ ಮಂಗಳಾರತಿ ಎತ್ತಿದೆ. “ಥೂ, ನನ್ ಮಾನ ಕಳ್ದೆ. ಗಿಣಿಗೆ ಹೇಳ್ಕೊಟ್ಟಿದ್ರೂ ಕಲೀತಿತ್ತು.”

“ಮಾತು ಮರ್ತಿಲ್ಲ ಕಣೇ,” ಎಂದ ಅಪ್ಪ. “ಕೈ ಕೇಳ್ಲಿಲ್ಲ.”

ಮರುವರ್ಷ ಅದೇ ಆಟ ಮತ್ತೆ ಆಡುವುದೆಂದಾಯಿತು. ಅಪ್ಪ ಅಂಗಳದಲ್ಲಿ ಕಾಲು ತೊಳೆಯುತ್ತ, ನನ್ನ ಮುಖ ನೋಡದೆ, “ಈ ಸಲ ತಲೆ ಮುಟ್ಟೋದಿಲ್ಲ. ಇನ್ನೊಂದ್ಸಲ ಹೇಳ್ಕೊಡ್ತೀಯಾ?” ಎಂದ.

“ಬೇಡಪ್ಪ. ಮತ್ತೆ ನಗೆಪಾಟಲಾಗೋದು ಬೇಡ,” ಎಂದುಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಹಾಕ!

ಪಾತ್ರ ತಾಲ್ಲೂಕು ಕಚೇರಿಯ ಗುಮಾಸ್ತನಿಗೆ ಹೋಯಿತು. ಚೆನ್ನಾಗಿಯೇ ಅಬ್ಬರಿಸಿದ. ಅಪ್ಪ ಕೋಟೆಗೋಡೆಗೆ ಒರಗಿ ನಿಂತು ನೋಡುತ್ತಿದ್ದ. ಗುಮಾಸ್ತನ ಜೊತೆಜೊತೆಗೇ ಅವನ ತುಟಿಯೂ ಆಡುತ್ತಿತ್ತು. ಒಂದಕ್ಷರ ತಪ್ಪಲಿಲ್ಲ. ನಾನು ಕಂಡೆ, ಕಂಡೂ ಬೇರೆ ಕಡೆ ತಿರುಗಿಕೊಂಡೆ.

ಆ ಮಳೆಗಾಲ ಅಪ್ಪ ಜ್ವರದಲ್ಲಿ ಮಲಗಿದವನು ಏಳಲಿಲ್ಲ. ಮಾತು ನಿಂತು ಮೂರು ದಿನವಾಗಿತ್ತು. ಒಡೆಯರು ನೋಡಲು ಬಂದು, ಚಾಪೆಯ ಪಕ್ಕದಲ್ಲೇ ನೆಲದ ಮೇಲೆ ಕೂತರು. ಅಪ್ಪ ಕಣ್ಣು ಬಿಟ್ಟ. ಅವನ ಬಲಗೈ ಮೆಲ್ಲಗೆ ಮೇಲೆದ್ದು ಬರಿತಲೆಯ ಮೇಲೆ ವಸ್ತ್ರ ಹುಡುಕಿತು.

“ಬೇಡಪ್ಪ, ಬೇಡ,” ಎಂದು ಆ ಕೈ ಹಿಡಿದುಕೊಂಡೆ. ಅವನು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕೈ ಬಿಡಿಸಿಕೊಂಡ. ಮತ್ತೆ ತಲೆ ತಡವಿದ. ಒಡೆಯರು ಮುಖ ಕೆಳಗೆ ಹಾಕಿದರು. ನನಗೆ ಅಳು ತಡೆಯಲಾಗಲಿಲ್ಲ.

ಎದ್ದು ಹೋಗಿ ಗೂಟದ ಮೇಲಿದ್ದ ಅವನ ವಸ್ತ್ರ ತಂದೆ. ನನ್ನ ಕೈಯಾರೆ ಅಪ್ಪನ ಸೊಂಟಕ್ಕೆ ಸುತ್ತಿದೆ. ಆಮೇಲೆ ಅವನ ಕೈ ಸುಮ್ಮನಾಯಿತು.