ಸೂರಿನ ಕೆಳಗಿನ ಅಳತೆಗೋಲು

ಜನವರಿಯ ಕೊನೆಯ ಮಂಗಳವಾರ, ಬೆಳಗಿನ ನಾಲ್ಕೂವರೆ. ಎರಡು ದಿನ ಎಡೆಬಿಡದೆ ಬೀಸಿದ ಹಿಮಗಾಳಿ ಆಗಷ್ಟೇ ತಗ್ಗಿದೆ. ರೊಡೋಪಿ ಬೆಟ್ಟದ ನಮ್ಮ ಪುಟ್ಟ ರೈಲು ನಿಲ್ದಾಣದ ಅಂಗಳದಲ್ಲಿ ಸೆವ್ದಾ ತೊಡೆಮಟ್ಟದ ಹಿಮದೊಳಗಿಂದ ಕಾಲು ಕಿತ್ತು ಕಿತ್ತು ಇಡುತ್ತಿದ್ದಾಳೆ. ಹೆಗಲ ಮೇಲೆ ಸಲಿಕೆ, ಕಂಕುಳಲ್ಲಿ ಕಡ್ಡಿ ಪೊರಕೆ. ಕೆನ್ನೆ ಒಡೆಯದಿರಲೆಂದು ಹೆಬ್ಬಾತಿನ ಕೊಬ್ಬು ಸವರಿಕೊಂಡು, ತಲೆ ಕಿವಿಗೆಲ್ಲ ಎರಡು ಸುತ್ತು ಉಣ್ಣೆಯ ಶಾಲು ಬಿಗಿದಿದ್ದಾಳೆ. ಮೊದಲ ಗಾಡಿ ಆರು ಇಪ್ಪತ್ತಕ್ಕೆ. ಅಷ್ಟರೊಳಗೆ ಹಳಿ ಕವಲೊಡೆಯುವ ಹನ್ನೊಂದು ಕಡೆಯೂ ಹಿಮ ತೆಗೆದು ಮುಗಿಸಬೇಕು. ಸಂದಿಯಲ್ಲಿ ಒಂದು ಹಿಡಿ ಉಳಿದರೂ ಹಳಿ ಸರಿದು ಕೂರುವುದಿಲ್ಲ, ಗಾಡಿ ಊರಾಚೆಯೇ ನಿಲ್ಲುತ್ತದೆ.

ಸೆವ್ದಾಗೆ ಈಗ ಐವತ್ತಮೂರು. ಮರ ಕೊಯ್ಯುವ ಕಾರ್ಖಾನೆ ಬಾಗಿಲು ಹಾಕಿದ ವರ್ಷ ಈ ಕೆಲಸಕ್ಕೆ ಬಂದವಳು. ಇದು ಅವಳ ಹತ್ತೊಂಬತ್ತನೆಯ ಚಳಿಗಾಲ. ಒಂದೊಂದು ಕವಲಿಗೆ ಹತ್ತು ನಿಮಿಷ ಹಿಡಿಯುತ್ತದೆ. ಕೊನೆಯದು ಮುಗಿಯುವ ಹೊತ್ತಿಗೆ ಗಾಳಿ ಮೊದಲಿನದನ್ನು ಮತ್ತೆ ಮುಚ್ಚಿರುತ್ತದೆ. ಹೀಗೆ ಸಂಜೆಯೊಳಗೆ ಆರು ಸುತ್ತು. ಮಧ್ಯೆ ಒಂದು ಸೀಸೆ ಹುರುಳಿಕಾಯಿ ಬೀಜದ ಸಾರು, ರೊಟ್ಟಿ, ಉಪ್ಪಿನಲ್ಲಿ ಹಾಕಿದ ಎಲೆಕೋಸು. ಅದನ್ನೂ ನಿಂತೇ ತಿನ್ನುತ್ತಾಳೆ. ಕೂತರೆ ಎಡಮಂಡಿ ಮತ್ತೆ ಏಳಲು ಬಿಡುವುದಿಲ್ಲ.

ಇದು ಒಬ್ಬರ ಕೆಲಸವಲ್ಲ. ಬಗ್ಗಿದವರ ಬೆನ್ನಿಗೆ ಇನ್ನೊಬ್ಬರು ನಿಂತು, ಗಾಡಿ ಬರುತ್ತಿದೆಯೇ ಎಂದು ನೋಡಿ ಕೂಗಬೇಕು. ಹೊಸ ಹಿಮ ಸದ್ದನ್ನು ನುಂಗಿಬಿಡುತ್ತದೆ. ಇಂಜಿನ್ ಬೆನ್ನ ಹಿಂದೆ ಹತ್ತು ಮಾರು ದೂರಕ್ಕೆ ಬಂದರೂ ಕೇಳಿಸದು. ಅದಕ್ಕೇ ಒಂದು ನಿಯಮವಿದೆ: ನಿಲ್ದಾಣದ ಅಳತೆಗೋಲಿನಲ್ಲಿ ಹಿಮ ನಲವತ್ತು ಸೆಂಟಿಮೀಟರ್ ದಾಟಿದರೆ ಎರಡನೆಯ ಆಳನ್ನು ಕಳಿಸಬೇಕು.

ಆ ಕೋಲು ಮೊದಲು ಅಂಗಳದ ನಡುವೆ, ಕಾಡು ಪಿಯರ್ ಮರದ ಪಕ್ಕದಲ್ಲಿ ಇತ್ತು. ಆಗೆಲ್ಲ ಹಿಮ ಬಿದ್ದ ಬೆಳಿಗ್ಗೆ ಮೂವರು ಒಟ್ಟಿಗೆ ಸಲಿಕೆ ಹಿಡಿದು ಇಳಿಯುವುದನ್ನು ಈ ಕಣ್ಣು ಕಂಡಿದೆ. ಹನ್ನೆರಡು ಚಳಿಗಾಲದ ಹಿಂದೆ ಬಂದ ಒಬ್ಬ ಸ್ಟೇಷನ್ ಮಾಸ್ತರ, ಓದಲು ಹೋದಾಗ ಬೂಟು ನೆನೆಯುತ್ತದೆಂದು ಅದನ್ನು ಕಿತ್ತು ಬಾಗಿಲ ಪಕ್ಕ, ಸೂರಿನ ಕೆಳಗೆ ನೆಡಿಸಿದ. ಗೋಡೆಯ ಆಚೆಗೆ ಒಲೆ. ಹಿಮ ಅಲ್ಲಿ ಬೀಳುವುದೇ ಕಡಿಮೆ, ಬಿದ್ದದ್ದೂ ಕರಗುತ್ತದೆ. ಆ ಮಾಸ್ತರ ಬೂಟು ಒಣಗಿಸಿಕೊಂಡೇ ಬೇರೆ ಊರಿಗೆ ಹೋದ. ಕೋಲು ಉಳಿಯಿತು. ಮಂಗಳವಾರ ಅದು ತೋರಿಸಿದ್ದು ಇಪ್ಪತ್ತೆರಡು.

ಈಗ ಕೋಲು ಓದಿ, ಕಚೇರಿಗೆ ಹೋಗುವ ಪಟ್ಟಿಯಲ್ಲಿ ಬರೆಯುವವಳು ಸೆವ್ದಾಳೇ. ನಲವತ್ತೈದೆಂದು ಬರೆದುಬಿಡು, ಯಾರು ಬಂದು ನೋಡುತ್ತಾರೆ ಎಂದು ಊರಿನವರೆಲ್ಲ ಅವಳಿಗೆ ಹೇಳಿದ್ದಾರೆ. ಅವಳು ಒಪ್ಪುವುದಿಲ್ಲ. "ನಾನು ಸುಳ್ಳು ಬರೆದ್ರೆ ಕೋಲು ಸರಿಯಾಗೇ ಇದೆ ಅಂತ ಆಗ್ಹೋಗುತ್ತೆ. ಆಮೇಲೆ ಅದನ್ನ ಯಾರು ಕೀಳ್ತಾರೆ?" ಎನ್ನುತ್ತಾಳೆ. ಅದಕ್ಕೇ ಪ್ರತಿ ಸಲವೂ ಎರಡು ಅಂಕಿ ಬರೆಯುತ್ತಾಳೆ. ಮೇಲೆ ಕೋಲಿನ ಲೆಕ್ಕ, ಅದರ ಕೆಳಗೆ, ಆ ಮಂಗಳವಾರ ಬರೆದಂತೆ, 'ಕೆಲಸ ಮಾಡುವ ಜಾಗದಲ್ಲಿ: ಎಂಬತ್ತೇಳು.' ಕೆಳಗಿನ ಪಟ್ಟಣದ ಕಚೇರಿಯಿಂದ ಪ್ರತಿ ಸಲವೂ ಒಂದೇ ಉತ್ತರ: ಗೆರೆಯ ಹೊರಗೆ ಬರೆಯಬಾರದು.

ಆ ದಿನ ಐದು ಮೂವತ್ತೈದಕ್ಕೆ ಅವಳು ಏಳನೆಯ ಕವಲಿನಲ್ಲಿ ಬಗ್ಗಿದ್ದಳು. ಅದೇ ಹೊತ್ತಿಗೆ ಟಿಕೆಟ್ ಕೋಣೆಯ ಫೋನು ಹೊಡೆದುಕೊಂಡಿತು. ಹಿಮ ತಳ್ಳುವ ಇಂಜಿನ್ ಮೇಲಿನ ಸುರಂಗ ದಾಟಿಯಾಗಿದೆ ಎಂದರು ಮೇಲಿನ ನಿಲ್ದಾಣದವರು. ಟಿಕೆಟ್ ಕೊಡುವ ಮಿಂಕಾ, ಅರವತ್ತರ ಹೆಂಗಸು, ಕೋಟೂ ತೊಡದೆ ಹೊರಗೋಡಿ ಕೂಗಿದಳು. ಕೇಳಿಸಲಿಲ್ಲ. ಮತ್ತೆ ಕೂಗಿದಳು. ಕೊನೆಗೆ ಒಳಗೋಡಿ, ಒಲೆಯ ಬುಟ್ಟಿಯಿಂದ ಕಲ್ಲಿದ್ದಲ ತುಂಡೊಂದನ್ನು ತಂದು ಬೀಸಿ ಹೊಡೆದಳು. ಅದು ಸೆವ್ದಾಳ ಬೆನ್ನಿಗೆ ಬಿತ್ತು. ಯಾರದು ಎಂದು ಬೈಯಲು ತಿರುಗಿದವಳಿಗೆ ಇಂಜಿನ್ನಿನ ದೀಪ ಕಂಡಿತು. ಪಕ್ಕಕ್ಕೆ ಉರುಳಿದಳು. ಸಲಿಕೆ ಎರಡು ತುಂಡಾಯಿತು.

"ಮಿಂಕಕ್ಕ, ಟಿಕೆಟ್ ಮಾರೋದು ಬಿಟ್ಟು ಕಲ್ಲು ಹೊಡಿಯೋಕೆ ನಿಂತ್ಯಾ?"

"ಹೊಡೀದೆ ಇದ್ದಿದ್ರೆ ನಿನ್ನ ಒಂದೊಂದು ಚೂರಿಗೂ ಟಿಕೆಟ್ ಹರೀಬೇಕಿತ್ತು ಕಣೇ. ಬಗ್ಗು, ನಿನ್ನ ಕೆಲ್ಸ ನೋಡು. ನಾನು ಗಾಡಿ ನೋಡ್ತೀನಿ."

ಕಿಟಕಿ ಮುಚ್ಚಿ, ಕೋಟು ತೊಟ್ಟು ಬಂದು, ಸೆವ್ದಾ ತುಂಡು ಸಲಿಕೆಯಲ್ಲೇ ಉಳಿದ ಕವಲುಗಳನ್ನು ಮುಗಿಸುವವರೆಗೂ ಮಿಂಕಾ ಅವಳ ಬೆನ್ನಿಗೆ ನಿಂತಳು. ಆರು ಇಪ್ಪತ್ತರ ಗಾಡಿ ಒಂದು ನಿಮಿಷವೂ ತಡವಾಗಲಿಲ್ಲ. ಆ ಹಿಮದಲ್ಲಿ ಟಿಕೆಟ್ ಕೇಳಿ ಬಂದವರು ಒಬ್ಬರೂ ಇರಲಿಲ್ಲ.

ಆದರೆ ಟಿಕೆಟ್ ಕಿಟಕಿಯ ಮೇಲೆ ಕಚೇರಿಯವರ ಕ್ಯಾಮೆರಾ ಇದೆ. ಅಂಗಳದ ಕಡೆಗೆ ಒಂದೂ ಇಲ್ಲ. ಹೆಂಗಸೊಬ್ಬಳು ಇಂಜಿನ್ನಿಗೆ ಸಿಕ್ಕಿ ಸಾಯುವುದರಲ್ಲಿದ್ದದ್ದು ಯಾರಿಗೂ ಕಾಣಲಿಲ್ಲ. ಕಿಟಕಿ ನಲವತ್ತು ನಿಮಿಷ ಮುಚ್ಚಿದ್ದದ್ದು ಎಲ್ಲರಿಗೂ ಕಂಡಿತು. ಶುಕ್ರವಾರ ಸಾಹೇಬರೊಬ್ಬರು ವಿಚಾರಣೆಗೆ ಬಂದರು. ಸೂರಿನ ಕೆಳಗೆ ನಿಂತು ಕೋಲನ್ನು ನೋಡಿ, ಅಂಕಿಗಳು ಸ್ಪಷ್ಟವಾಗಿವೆ ಎಂದರು. ಹತ್ತು ಹೆಜ್ಜೆ ಅಂಗಳಕ್ಕೆ ಬನ್ನಿ ಸ್ವಾಮಿ ಎಂದು ಸೆವ್ದಾ ಕರೆದಳು. ಅವರು ತಮ್ಮ ಬೂಟು ನೋಡಿಕೊಂಡರು. ಹಿಮಕ್ಕೆ ಕಣ್ಣಿಲ್ಲ, ಅದರ ಮೇಲೆ ಸಿಟ್ಟಾಗಿ ಫಲವಿಲ್ಲ. ಕಣ್ಣಿದ್ದೂ ಹತ್ತು ಹೆಜ್ಜೆ ನಡೆಯದವರನ್ನು ಏನೆನ್ನಬೇಕೋ, ಈ ವಯಸ್ಸಿಗೂ ನನಗೆ ಅದಕ್ಕೊಂದು ಮಾತು ಸಿಕ್ಕಿಲ್ಲ.

ಪಿಂಚಣಿಗೆ ಎಂಟು ತಿಂಗಳಿರುವಾಗ ಮಿಂಕಾಗೆ ಬಯಲುಸೀಮೆಯ ಊರಿಗೆ ವರ್ಗವಾಯಿತು. ಕೋಲು ಕಿತ್ತು ನೆಡಲು ಬೇಸಿಗೆಯಲ್ಲಿ ಅರ್ಜಿ ಹಾಕಬೇಕಂತೆ.

ನಿನಗೇನು ಬೇಕು ಎಂದು ಸೆವ್ದಾಳನ್ನು ಕೇಳಿದೆ. ಪೊರಕೆಯ ಕಡ್ಡಿ ಬಿಗಿಯುತ್ತ ಹೇಳಿದಳು: "ಇನ್ನೊಬ್ಬರ ಕೈ ಬೇಡ ನಂಗೆ. ಹತ್ತೊಂಬತ್ತು ಚಳಿಗಾಲದಲ್ಲಿ ಒಂದು ಗಾಡೀನೂ ನನ್ನಿಂದ ನಿಂತಿಲ್ಲ. ಬೆನ್ನ ಹಿಂದೆ ನೋಡೋಕೆ ಎರಡು ಕಣ್ಣು ಕೊಡಲಿ, ಸಾಕು."

ಮಿಂಕಾ ಹೊರಟದ್ದು ಫೆಬ್ರವರಿಯ ಎರಡನೆಯ ಸೋಮವಾರ, ಬೆಳಗಿನ ಗಾಡಿಗೆ. ಹಿಂದಿನ ರಾತ್ರಿಯೆಲ್ಲ ಹಿಮ ಸುರಿದಿತ್ತು. ಆ ಗಾಡಿಗೆ ದಾರಿ ಬಿಡಿಸಿಕೊಟ್ಟವಳು ಸೆವ್ದಾ, ಒಬ್ಬಳೇ.