ಕಂಬಳಿಯ ಮೇಲೆ ಕೇಳಿದ ಪ್ರಶ್ನೆ

ಇದನ್ನು ಬರೆಯುವ ಮೊದಲು ಕಾಕಾನನ್ನು ಕೇಳಿದೆ. ಕಕ್ಷಿದಾರನ ಗುಟ್ಟು ಕಕ್ಷಿದಾರನದು, ವಕೀಲರು ಅದಕ್ಕೆ ಕಾವಲು ಮಾತ್ರ ಎಂದು ಓದಿ ಪಾಸಾದವಳು ನಾನು. ಕಾಕಾ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು, "ಊರ ಹೆಸರು ಬ್ಯಾಡ, ನಮ್ಮಪ್ಪನ ಹೆಸರು ಬ್ಯಾಡ. ಉಳಿದದ್ದು ಏನರ ಬರಕೋ," ಎಂದ. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ. ಒಬ್ಬರ ಹೆಸರು ಬರೆಯಲು ನನ್ನ ಕೈ ತುರಿಸುತ್ತಿದೆ, ಸುಳ್ಳೇಕೆ ಹೇಳಲಿ. ಆದರೆ ಕೊಟ್ಟ ಮಾತು ಕೊಟ್ಟಂತೆ.

ಕಾಕಾ ನನ್ನ ಚಿಕ್ಕಮ್ಮನ ಗಂಡ. ತೆಲಂಗಾಣದ ಕೃಷ್ಣಾ ಮಂಡಲದಲ್ಲಿ ಹೊಳೆ ದಂಡೆಯ ಒಂದು ಹಳ್ಳಿಯವನು, ಕುರಿ ಸಾಕಿದವನು. ನಾನು ಬೆಳೆದದ್ದು ಅವನ ಮನೆಯಲ್ಲಿ. ಕಾನೂನು ಓದುತ್ತೇನೆ ಎಂದಾಗ ನಮ್ಮ ಕುಲದ ಹಿರಿಯರೆಲ್ಲ ನಕ್ಕರು. ಕಾಕಾ ಮಾತ್ರ, "ಕರೀ ಕಂಬಳಿ ಎಲ್ಲಾರೂ ಹೊದ್ದೀವಿ. ಕರೀ ಕೋಟು ಒಬ್ಬಾಕಿಯರ ಹಾಕ್ಕೊಳ್ಳಲಿ," ಎಂದು ನನ್ನ ಟ್ರಂಕು ಹೊತ್ತು ಬಸ್ಸಿಗೆ ಹಾಕಿದ.

ಓದು ಮುಗಿದ ಮೇಲೆ ನಾರಾಯಣಪೇಟೆಯಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಸೇರಿದೆ. ನಿಜಾಮರ ಕಾಲದ ಉರ್ದು ದಸ್ತಾವೇಜನ್ನು ಕಣ್ಣಲ್ಲಿ ಓದಿ, ಕಕ್ಷಿದಾರನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ಕೋರ್ಟಿನಲ್ಲಿ ತೆಲುಗಿನಲ್ಲಿ ವಾದಿಸುವ ಮನುಷ್ಯ. ನನಗಂತೂ ದೇವರು. ಮೊದಲ ದಿನವೇ ಅವರು ನನಗೆ ಕಲಿಸಿದ್ದು ಸೆಕ್ಷನ್ನು ಗಿಕ್ಷನ್ನು ಅಲ್ಲ, ಬಸ್ತಾ ಕಟ್ಟುವುದನ್ನು. ಕೇಸಿನ ಕಾಗದಗಳನ್ನೆಲ್ಲ ಕೆಂಪು ಬಟ್ಟೆಯಲ್ಲಿ ಸುತ್ತಿ ಕಟ್ಟುವ ಗಂಟು ಅದು. "ಎರಡು ಗಂಟು ಹಾಕಮ್ಮಾ. ಒಂದು ಬಟ್ಟೆಗೆ, ಒಂದು ಬಾಯಿಗೆ," ಎನ್ನುತ್ತಿದ್ದರು. ನನ್ನ ಜೊತೆಯ ಜೂನಿಯರ್ ಒಬ್ಬ ಚಹಾದ ಅಂಗಡಿಯಲ್ಲಿ ಯಾರದೋ ಸಂಸಾರದ ಕೇಸು ಬಿಚ್ಚಿದ್ದಕ್ಕೆ ಅವನನ್ನು ಎಲ್ಲರ ಮುಂದೆ ಬೈದು ಎರಡು ವಾರ ಚೇಂಬರಿಗೆ ಸೇರಿಸಲಿಲ್ಲ. ಆ ಹುಡುಗನ ಮುಖ ನೋಡಿ ನಾನು ಒಳಗೊಳಗೇ ಖುಷಿಪಟ್ಟಿದ್ದೆ. ನಮ್ಮ ಸರ್ ಅಂದರೆ ಹೀಗೆ!

ಸರ್ಕಾರದಿಂದ ಹೊಲಗಳ ಹೊಸ ಪಾಸ್‌ಬುಕ್ಕುಗಳು ಬಂದಾಗ ಕಾಕಾನ ಹೊಲದ ತಕರಾರು ಎದ್ದಿತು. ಹೊಳೆಯ ಪಕ್ಕದ ಮೂರೆಕರೆ. ಅಲ್ಲಿಯೇ ಅವನ ಕುರಿಹಟ್ಟಿ, ಅಲ್ಲಿಯೇ ಬೇಸಿಗೆಯ ಹಸಿರು. ಕಾಕಾನ ಅಪ್ಪ ಅದನ್ನು ಸಾದಾ ಬೈನಾಮಾದ ಮೇಲೆ, ಎಂದರೆ ರಿಜಿಸ್ಟ್ರಿ ಇಲ್ಲದೆ ಬರೀ ಹಾಳೆಯ ಮೇಲೆ ಬರೆಸಿಕೊಂಡು ಕೊಂಡಿದ್ದ. ನಮ್ಮ ಕಡೆ ಹಿಂದೆ ಎಲ್ಲರೂ ಹಾಗೆಯೇ ಕೊಳ್ಳುತ್ತಿದ್ದರು. ಸರ್ಕಾರಿ ಪುಸ್ತಕದಲ್ಲಿ ಮಾರಿದವನ ಹೆಸರೇ ಉಳಿದಿತ್ತು. ಈಗ ಅವನ ಮೊಮ್ಮಗ ಬಂದು ಹೊಲ ನನ್ನದು, ಬಿಡಿ ಎಂದ. ಬಿಟ್ಟರೆ ಕಾಕಾನಿಗೆ ಕುರಿ ತರುಬಿ ನಿಲ್ಲಿಸಲು ತನ್ನದೆಂದು ಇನ್ನೊಂದು ಅಂಗೈಯಗಲ ಜಾಗವಿಲ್ಲ. ಕೇಸು ನಮ್ಮ ಚೇಂಬರಿಗೆ ಬಂತು. ಎದುರು ಪಾರ್ಟಿಯವರು ಗದ್ವಾಲದ ಒಬ್ಬ ವಕೀಲರನ್ನು ಹಿಡಿದರು.

ಒಂದು ಭಾನುವಾರ ನಾನು ಹಳ್ಳಿಗೆ ಹೋದಾಗ ಕಾಕಾ ಉಣ್ಣೆ ಕತ್ತರಿಸುತ್ತಿದ್ದ. ಕುರಿಯನ್ನು ಮೊಣಕಾಲಲ್ಲಿ ಒತ್ತಿಕೊಂಡು, ನನ್ನ ಮುಖ ನೋಡದೆ ಹೇಳಿದ.

"ಯವ್ವಾ, ಒಂದು ಮಾತೈತಿ. ಮೊದಲಿನ ಕಾಗದ ಗೆದ್ದಲು ತಿಂತು. ಅಷ್ಟ್ರಾಗ ಹೊಲ ಕೊಟ್ಟಾಂವ ಸತ್ತಿದ್ದ. ನಮ್ಮಪ್ಪ ಮತ್ತೊಂದು ಬರೆಸಿದ. ಕೊಟ್ಟಿದ್ದು ಖರೇ ಐತಿ ಅಂತ ಆತನ ಹೆಂಡ್ತಿ ತನ್ನ ಹೆಬ್ಬೆಟ್ಟು ಒತ್ತಿದ್ಲು. ಕಾಗದದಾಗ ಮಾತ್ರ ಗಂಡನ ಹೆಸರೈತಿ. ಇದು ನಿಮ್ಮ ಚಿಕ್ಕಮ್ಮಗೂ ಗೊತ್ತಿಲ್ಲ."

ಹೊಲ ಕೊಂಡದ್ದು ನಿಜ, ಉತ್ತು ಬಿತ್ತಿದ್ದು ನಿಜ, ಕಾಗದ ಮಾತ್ರ ನಿಜವಲ್ಲ. ಗೊತ್ತಿದ್ದೂ ಆ ಕಾಗದವನ್ನು ಜಡ್ಜ್ ಮುಂದೆ ಇಟ್ಟರೆ ನಾನು ವಕೀಲಳಾಗಿ ಉಳಿಯುವುದಿಲ್ಲ. ಇಡದಿದ್ದರೆ ಕಾಕಾ ಏನಾದಾನು? ಮರುದಿನ ಚೇಂಬರಿನ ಬಾಗಿಲು ಹಾಕಿ ಸೀನಿಯರಿಗೆ ಎಲ್ಲವನ್ನೂ ಹೇಳಿದೆ. ಕಾಗದ ಬಿಟ್ಟು, ಇಷ್ಟು ವರ್ಷದ ಕಬ್ಜಾ ಮತ್ತು ಊರಿನವರ ಸಾಕ್ಷಿಯ ಮೇಲೆ ಕೇಸು ನಡೆಸೋಣವೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಶಾಭಾಶ್. ವಕೀಲಿ ಅಂದ್ರ ಇದು. ಆ ಕಾಗದ ಬಸ್ತಾದಾಗೇ ಇರಲಿ," ಎಂದರು. ಆ ಶಾಭಾಶ್ ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಆ ತಿಂಗಳಲ್ಲೇ ಅವರ ಮಗಳ ಸಂಬಂಧ ಗಟ್ಟಿಯಾಯಿತು. ಸೀರೆ ಆರಿಸಲು ಅವರ ಮನೆಯವರು ನನ್ನನ್ನೂ ಗದ್ವಾಲಕ್ಕೆ ಕರೆದುಕೊಂಡು ಹೋದರು. ನೇಕಾರರ ಮನೆಯಲ್ಲಿ ಚಾಪೆಯ ಮೇಲೆ ಕುಳಿತು, ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡಿಸಿದ ಸೀರೆಗಳನ್ನು ಒಂದೊಂದೇ ಬಿಚ್ಚಿಸಿ ನೋಡಿದೆವು. "ಹುಡುಗನ ತಂದೀನೂ ವಕೀಲ್ರೇ ಅಂತಮ್ಮಾ, ಇದೇ ಊರಾಗ," ಎಂದರು ಸೀನಿಯರ್ ಅವರ ಹೆಂಡತಿ. ಯಾವ ವಕೀಲರು ಎಂದು ನಾನು ಕೇಳಲಿಲ್ಲ. ಮದರಂಗಿ ಬಣ್ಣದ ಸೀರೆಗೆ ಯಾವ ಅಂಚು ಒಪ್ಪುತ್ತದೆ ಎಂಬ ಚಿಂತೆಯಲ್ಲಿದ್ದೆ. ಬುದ್ಧಿವಂತೆ!

ಅದಾಗಿ ಸ್ವಲ್ಪ ದಿನಕ್ಕೆ ಎದುರಿನವರು ರಾಜಿಗೆ ಬಂದರು. ಬೀರಪ್ಪನ ಗುಡಿಯಲ್ಲಿ ಕಾಕಾ ಅವರು ಕೇಳಿದ ಮಾತಿಗೆ ಭಂಡಾರ ಹಿಡಿದು ಪ್ರಮಾಣ ಮಾಡಿದರೆ ಅವರು ಹೊಲದ ಆಸೆ ಬಿಡುತ್ತಾರೆ, ಮಾಡದಿದ್ದರೆ ಕಾಕಾ ಹೊಲ ಬಿಡಬೇಕು. ಹಾಗೆಂದು ಎರಡೂ ಕಡೆಯವರು ಮೊದಲೇ ರಾಜಿ ಪತ್ರಕ್ಕೆ ಸಹಿ ಹಾಕಿ ಕೋರ್ಟಿಗೆ ಕೊಡುವುದು. ಭಂಡಾರ ಅಂದರೆ ಅರಿಶಿನದ ಪುಡಿ. ನಮ್ಮ ಕುಲದಲ್ಲಿ ಅದನ್ನು ಹಿಡಿದು ಸುಳ್ಳು ಹೇಳಿದವನು ಇದ್ದಾನೆಂದು ನಾನು ಕೇಳಿಲ್ಲ. ಕಾಕಾ ಕುಣಿದುಬಿಟ್ಟ. ಖರೇ ಹೇಳುವುದಕ್ಕೆ ಯಾರ ಭಯ?

ನನಗೆ ಒಂದು ಅನುಮಾನ ಬಂದಿತ್ತು. ಕೇಳುವ ಪ್ರಶ್ನೆಯನ್ನೂ ಪತ್ರದಲ್ಲಿ ಬರೆಸೋಣ ಸರ್ ಎಂದೆ. ಸೀನಿಯರ್ ನಕ್ಕರು. "ದೇವರ ಮುಂದ ಏನು ಕೇಳ್ತಾರಮ್ಮಾ? ಹೊಲ ಯಾರದು ಅಂತ ಕೇಳ್ತಾರ. ಅಲ್ಲೂ ಕ್ರಾಸ್ ಎಕ್ಸಾಮಿನೇಷನ್ ಮಾಡಾಕ ಬರ್ತದೇನು?" ಕಾಕಾನೂ ನಕ್ಕ. ನಮ್ಮ ಹಟ್ಟಿಗಳಲ್ಲಿ ಪ್ರಮಾಣದ ಮಾತನ್ನು ಮುಂಚೆ ಕೇಳಿಕೊಳ್ಳುವುದೇ ಅಪಮಾನ, ದೇವರಿಗೆ ಷರತ್ತು ಹಾಕಿದಂತೆ. ಮೂವರಲ್ಲಿ ಇಬ್ಬರು ನಕ್ಕರೆ ಮೂರನೆಯವಳು ಸುಮ್ಮನಾಗುತ್ತಾಳೆ. ನಾನು ಸುಮ್ಮನಾದೆ.

ಗುಡಿಯ ಮುಂದೆ ಕರೀ ಕಂಬಳಿ ಹಾಸಿ, ನಡುವೆ ಭಂಡಾರ ಸುರಿದಿದ್ದರು. ಕಾಕಾ ಮಿಂದು ಒದ್ದೆ ಪಂಚೆಯಲ್ಲೇ ಬಂದು ಕುಳಿತು ಮುಷ್ಟಿ ತುಂಬ ಭಂಡಾರ ಎತ್ತಿಕೊಂಡ. ಎದುರಿನವರ ಕಡೆಯ ಹಿರಿಯರೊಬ್ಬರು ಎದ್ದು ನಿಂತರು.

"ಹೊಲ ಯಾರದು ಅಂತ ನಾವು ಕೇಳಂಗಿಲ್ರೀ. ನೀವು ಊರಿಗೆಲ್ಲ ತೋರಿಸ್ತಿದ್ರಲ್ಲ ಆ ಬೈನಾಮಾ, ಅದರ ಮ್ಯಾಲಿನ ಹೆಬ್ಬೆಟ್ಟು ಈ ಹುಡುಗನ ಅಜ್ಜಂದೇ ಅಂತ ಭಂಡಾರ ಹಿಡಿದು ಹೇಳ್ರಿ. ಅಷ್ಟ ಸಾಕು."

ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದ ಪ್ರಶ್ನೆ. ಕಾಕಾ ನನ್ನನ್ನು ನೋಡಿದ. ಕೋಪದಿಂದಲ್ಲ. ಸಂತೆಯಲ್ಲಿ ಕೈ ತಪ್ಪಿಸಿಕೊಂಡ ಮಗು ನೋಡುತ್ತದಲ್ಲ, ಹಾಗೆ. ಆಮೇಲೆ ಮುಷ್ಟಿ ಬಿಚ್ಚಿದ. "ಒಲ್ಲೆ," ಎಂದು ಎದ್ದು ಹೋದ. ಅರಿಶಿನದ ಅಂಗೈಯನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಅದನ್ನು ಹಾಗೆಯೇ ಮುಂದೆ ಹಿಡಿದುಕೊಂಡು ಹೊಲದ ಕಡೆ ನಡೆದ. ಸಂಜೆಯೊಳಗೆ ಹಟ್ಟಿಯ ಮುಳ್ಳು ಬೇಲಿ ಕಿತ್ತರು.

ಯಾರು ಹೇಳಿದರು? ಹೆಬ್ಬೆಟ್ಟು ಒತ್ತಿದವಳೂ ಕಾಗದ ಬರೆದವನೂ ಎಂದೋ ತೀರಿದ್ದರು. ಬದುಕಿದ್ದವರಲ್ಲಿ ಗೊತ್ತಿದ್ದದ್ದು ಮೂವರಿಗೆ. ಮೂವರಲ್ಲಿ ಒಬ್ಬರು ಕಾಕಾ, ಇನ್ನೊಬ್ಬಳು ನಾನು. ಇಷ್ಟು ಸಣ್ಣ ಲೆಕ್ಕ ಬಿಡಿಸಲು ನನಗೆ ಎಂಟು ದಿನ ಬೇಕಾಯಿತು. ಮನಸ್ಸು ಒಪ್ಪಲಿಲ್ಲ, ಅದಕ್ಕೆ.

ಎಂಟನೆಯ ದಿನ ಗದ್ವಾಲದಲ್ಲಿ ನಿಶ್ಚಿತಾರ್ಥ. ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುತ್ತಿದ್ದ ಹುಡುಗನ ತಂದೆ ಬೇರೆ ಯಾರೂ ಅಲ್ಲ, ಕಾಕಾನ ಕೇಸಿನ ಎದುರು ವಕೀಲರು. ನನ್ನನ್ನು ನೋಡಿ ಬಾಯಿ ತುಂಬ ನಕ್ಕರು. "ಬರ್ರಿ ತಂಗಿ, ಬರ್ರಿ. ಆ ಹೆಬ್ಬೆಟ್ಟಿನ ಕಥಿ ನಮ್ಮ ಬೀಗರು ಭಾಳ ಛಂದ ಹೇಳಿದ್ರು ನೋಡ್ರಿ." ನಾನು ಆರಿಸಿದ್ದ ಮದರಂಗಿ ಸೀರೆ ಒಳಗೆ ಹುಡುಗಿಯ ಮೈಮೇಲಿತ್ತು. ನಾನು ಊಟ ಮಾಡದೆ ಬಸ್ಸು ಹತ್ತಿದೆ.

ಮರುದಿನ ಚೇಂಬರಿನಲ್ಲಿ ಕೇಳಿದೆ. ಅವರು ತಲೆ ತಗ್ಗಿಸುತ್ತಾರೆ ಎಂದುಕೊಂಡಿದ್ದೆ. ತಗ್ಗಿಸಲಿಲ್ಲ.

"ಬೀಗರ ಮನ್ಯಾಗ ಊಟಕ್ಕ ಕುಂತಾಗ ಮಾತಿಗೆ ಮಾತು ಬಂತಮ್ಮಾ. ಬೇಕಂತ ಹೇಳಿದ್ದಲ್ಲ. ಆದ್ರೂ ಸುಳ್ಳು ಕಾಗದ ಸೋತಿತಲ್ಲ, ಅದೂ ಧರ್ಮಾನೇ."

"ಆ ಕಾಗದ ನಾವು ಕೋರ್ಟಿಗೆ ಹಾಕಾಕ ಹೊಂಟಿರ್ಲಿಲ್ರೀ ಸರ್. ಸೋತಿದ್ದು ಕಾಗದ ಅಲ್ಲ, ನಮ್ಮ ಕಾಕಾ. ಎದುರಿನ ವಕೀಲ್ರು ನಿಮ್ಮ ಬೀಗರಾಗ್ತಾರ ಅಂತ ಕಾಕಾಗ ಒಂದು ಮಾತು ಹೇಳಬೇಕಿತ್ತಲ್ರೀ? ಪ್ರಶ್ನೆ ಬರೆಸೋಣ ಅಂದಾಗ ಯಾಕ ನಕ್ಕಿರಿ?"

ಅವರು ಇನ್ನೊಂದು ಬಸ್ತಾ ಎಳೆದುಕೊಂಡು ಗಂಟು ಬಿಚ್ಚತೊಡಗಿದರು. ಚಹಾದ ಅಂಗಡಿಯಲ್ಲಿ ಬಾಯಿ ಬಿಟ್ಟ ಆ ಹುಡುಗನನ್ನು ಬೈದ ಬಾಯಿ ಇದೇ ತಾನೆ? ಹೇಳುವುದು ವೇದ, ತಿನ್ನುವುದು ಬದನೆಕಾಯಿ. ನನ್ನ ಕೋಟು ಮೊಳೆಯಿಂದ ತೆಗೆದುಕೊಂಡು ಹೊರಬಿದ್ದೆ.

ಬಾರ್ ಕೌನ್ಸಿಲ್ಲಿಗೆ ದೂರು ಬರೆದೆ. ಬರೆಯುತ್ತ ಬರೆಯುತ್ತ ಕೈ ನಿಂತಿತು. ಗುಟ್ಟು ಬಿಟ್ಟರು ಎಂದು ದೂರಬೇಕಾದರೆ ಯಾವ ಗುಟ್ಟು ಎಂದು ನಾನು ಬರೆಯಲೇಬೇಕು. ಕಾಕಾನ ಅಪ್ಪ ಸತ್ತವನ ಹೆಸರಿನಲ್ಲಿ ಕಾಗದ ಮಾಡಿಸಿದ ಎಂದು ಹೆಸರು, ಊರು ಸಮೇತ. ಕಾಕಾನ ಸಹಿಯೂ ಬೇಕು. ಅವನನ್ನು ಮಕ್ತಲ್‌ಗೆ ಕರೆಸಿದೆ. ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕುಳಿತು ಪೂರ್ತಿ ಓದಿ ಹೇಳಿದೆ. ಅವನು ಕಾಗದ ಮುಟ್ಟಲಿಲ್ಲ.

"ನಮ್ಮಪ್ಪ ಕಳ್ಳ ಅಂತ ನಾನೇ ಸಹಿ ಹಾಕಲೇನು? ಹೊಲ ಹೋತು, ಹೋಗಲಿ. ಕುರಿ ಸದ್ಯಕ್ಕ ನಮ್ಮ ಮಾವನ ಹೊಲದಾಗ ತರುಬೀನಿ."

"ಹಂಗಲ್ಲ ಕಾಕಾ. ತಪ್ಪು ನಿಮ್ಮಪ್ಪಂದಲ್ಲ, ನಂದಲ್ಲ. ಮಾತು ಹೊರಗ ಹಾಕಿದ್ದು ಸೀನಿಯರು. ಅದು ಎಲ್ಲಾರಿಗೂ ಗೊತ್ತಾಗಬೇಕು."

ಉಟ್ಕೂರಿನ ಆಟೋದವನು ಒಬ್ಬರು ಬರ್ರಿ, ಒಬ್ಬರು ಬರ್ರಿ ಎಂದು ಕೂಗುತ್ತಿದ್ದ. ಕಾಕಾ ನನ್ನ ತಲೆಯ ಮೇಲೆ ಕೈ ಇಟ್ಟ. ಅವನಿಗೆ ನನ್ನ ಮೇಲೆ ಸಿಟ್ಟು ಆಗಲೂ ಇರಲಿಲ್ಲ, ಈಗಲೂ ಇಲ್ಲ.

"ಸೀನಿಯರ್‌ಗೆ ಹೇಳಿದವ್ರು ಯಾರವ್ವಾ? ನಾ ಒಬ್ಬಾಕಿಗೇ ಹೇಳಿದ್ದೆ."

ಜೂನಿಯರ್ ಆದವಳು ಸೀನಿಯರಿಗೆ ಹೇಳಬಹುದು, ಅದು ತಪ್ಪಲ್ಲ ಎಂಬುದಕ್ಕೆ ನನ್ನ ಬಳಿ ಕಾನೂನಿದೆ. ಅಂದು ಆ ಬೆಂಚಿನ ಮೇಲೆ ನಾನು ದೂರಿನ ಕಾಗದ ಮಡಚಿ ಚೀಲಕ್ಕೆ ಹಾಕಿದೆ. ಕೃಷ್ಣಾ ಕಡೆಯ ಬಸ್ಸು ಬಂತು, ಕಾಕಾನನ್ನು ಹತ್ತಿಸಿದೆ, ಟಿಕೆಟ್ ತಾನೇ ತೆಗೆಸುತ್ತೇನೆಂದ. ದೂರಿನ ಕಾಗದ ಇವತ್ತಿಗೂ ಸಹಿಯಿಲ್ಲದೆ ನನ್ನ ಕಪಾಟಿನಲ್ಲಿದೆ, ಕೆಂಪು ಬಟ್ಟೆಯಲ್ಲಿ, ಎರಡು ಗಂಟು ಹಾಕಿ.